ರಟ್ಟಿನ ಕೋಟೆ, ಉಬ್ಬು ಹಲ್ಲಿನ ರಾಜ

ಸಣಕಲು ಮೈ, ಉಬ್ಬು ಹಲ್ಲು, ಬೆದರಿದ ಕಣ್ಣು. ಇಷ್ಟೇ ಬಂಡವಾಳ. ಈ ಬಂಡವಾಳದ ಮೇಲೆ ಕನ್ನಡ ಚಿತ್ರರಂಗ ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿತು. ಬಂಡವಾಳ ಹಾಕಿದವರು ನಮ್ಮ ಜಿಲ್ಲೆಯ ತಿಪಟೂರಿನ ನರಸಿಂಹರಾಜು.

ಗುಬ್ಬಿ, ಕುಣಿಗಲ್ ಕಡೆಯ ಹಳೇ ತಲೆಗಳನ್ನು ಕೇಳಿ ನೋಡಿ. ಟೆಂಟಿನಲ್ಲಿ ‘ನಮೋ ವೆಂಕಟೇಶ’ ಹಾಡು ಕೇಳಿಸಿದರೆ ಸಾಕು, ಉಣ್ತಾ ಇದ್ದವರು ತಟ್ಟೆ ಬಿಟ್ಟು ಓಡ್ತಿದ್ರು. ನೆಲಕ್ಕೆ ಕೂತು, ಬೀಡಿ ಹೊಗೆಯ ಮಧ್ಯೆ ಕತ್ತೆತ್ತಿ ನೋಡೋರು. ರೀಲು ಕಡೀತು, ದೀಪ ಹತ್ತಿತು, ಶಿಳ್ಳೆ ಬಿತ್ತು. ಚಿತ್ರವೇನೂ ಘನವಾದದ್ದಲ್ಲ. ಕೋಟೆ ರಟ್ಟಿನದು, ಗಾಳಿ ಬಂದರೆ ಅಲ್ಲಾಡೋದು. ಕತೆ ಎಲ್ಲರಿಗೂ ಮೊದಲೇ ಗೊತ್ತು. ಆದರೂ ನರಸಿಂಹರಾಜು ಬಾಗಿಲಲ್ಲಿ ಇಣುಕಿದರೆ ಮಾತಾಡುವ ಮೊದಲೇ ಟೆಂಟು ನಗುತ್ತಿತ್ತು.

ಕಂಪನಿಯ ಅನ್ನ

ಹುಟ್ಟಿದ್ದು 1923ರಲ್ಲಿ. ನಾಲ್ಕು ವರ್ಷದ ಹುಡುಗನನ್ನು ಚಿಕ್ಕಪ್ಪ ಕರೆದುಕೊಂಡು ಹೋಗಿ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿಗೆ ಬಿಟ್ಟರು. ಸ್ಲೇಟು ಹಿಡಿಯೋ ವಯಸ್ಸಿಗೆ ಬಣ್ಣ ಹಚ್ಚಿಕೊಂಡಾಯಿತು. ಪ್ರಹ್ಲಾದ, ಲೋಹಿತಾಶ್ವ ಇಂಥ ಬಾಲಪಾತ್ರಗಳು. ಮೀಸೆ ಮೂಡಿ ಗಂಟಲು ಒಡೆದರೆ ಕಂಪನಿಯಲ್ಲಿ ಬಾಲಪಾತ್ರ ಮುಗಿದ ಹಾಗೆ. ಆಮೇಲೆ ಸಿಕ್ಕಿದ ಪಾತ್ರ, ಸಿಕ್ಕಿದ ಊರು. ಕಂಪನಿ ಕಂಪನಿ ಅಲೆದು ಕೊನೆಗೆ ಸೇರಿದ್ದು ಗುಬ್ಬಿ ಕಂಪನಿಗೆ.

1884ರಲ್ಲಿ ಶುರುವಾದ ಆ ಕಂಪನಿಯ ಯಜಮಾನರು ವೀರಣ್ಣನವರು. ಸ್ವತಃ ದೊಡ್ಡ ಹಾಸ್ಯಗಾರರು, ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡಿಗೆಲ್ಲ ಹೆಸರಾದವರು. ನಗಿಸೋದು ಕೀಳು ಕೆಲಸ ಅಲ್ಲ ಅಂತ ತಿಳಿದಿದ್ದ ಮನೆ ಅದು. 1954ರಲ್ಲಿ ವೀರಣ್ಣನವರ ಸಂಸ್ಥೆ ‘ಬೇಡರ ಕಣ್ಣಪ್ಪ’ ತೆಗೆದಾಗ ರಾಜಕುಮಾರ್ ನಾಯಕನಾಗಿ ತೆರೆಗೆ ಬಂದರು. ಅರ್ಚಕರ ಮಗ ಕಾಶಿಯಾಗಿ ನರಸಿಂಹರಾಜು ಬಂದರು.

ಕೆಲಸವಿಲ್ಲದ ಕಾಲ

ಆಗಿನ ಕನ್ನಡ ಚಿತ್ರಕ್ಕೆ ಮಾರುಕಟ್ಟೆ ಸಣ್ಣದು. ಸ್ಟುಡಿಯೋಗೆ ಮದ್ರಾಸಿಗೆ ಹೋಗಬೇಕು, ಬಾಡಿಗೆ ಕಟ್ಟಬೇಕು. ಒಂದು ಹೊತ್ತಿಗಂತೂ ಚಿತ್ರಗಳೇ ಇಲ್ಲದೆ ಕಲಾವಿದರು ಕೈಕಟ್ಟಿ ಕೂರುವಂತಾಯಿತು. ಆಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್, ನರಸಿಂಹರಾಜು ಒಟ್ಟುಗೂಡಿ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. ಆ ಸಂಘದ ಹೆಸರಿನಲ್ಲೇ 1960ರಲ್ಲಿ ‘ರಣಧೀರ ಕಂಠೀರವ’ ಹೊರಬಂತು. ತೆರೆ ಮೇಲೆ ಹೆದರುಪುಕ್ಕಲನಾಗಿ ಓಡುತ್ತಿದ್ದ ಮನುಷ್ಯ ನಿಜದಲ್ಲಿ ಓಡಿಹೋಗಲಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಆಮೇಲೆ ಬಿಡುವಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ನಕ್ಷತ್ರಿಕ. ಹುಡುಗನಾಗಿದ್ದಾಗ ಅದೇ ಕತೆಯಲ್ಲಿ ಲೋಹಿತಾಶ್ವನಾಗಿ ಅಳಿಸಿದವರು, ದೊಡ್ಡವರಾದ ಮೇಲೆ ಸಾಲ ವಸೂಲಿಗೆ ಬೆನ್ನು ಬಿದ್ದು ನಗಿಸಿದರು. 1968ರಲ್ಲಿ ದೊರೈ-ಭಗವಾನ್ ‘ಜೇಡರ ಬಲೆ’ ತೆಗೆದರು. ಇಂಗ್ಲಿಷಿನ ಜೇಮ್ಸ್ ಬಾಂಡ್‌ಗೆ ಕಪ್ಪು ಬಿಳುಪಿನ ಕನ್ನಡ ಜವಾಬು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’. ಬಾಂಡ್ ಚಿತ್ರದ ಹಾಗೆ ಹಣ ಸುರಿಯುವ ಶಕ್ತಿ ಇಲ್ಲಿ ಯಾರಿಗಿತ್ತು? ಪಿಸ್ತೂಲು ಹಿಡಿದ ರಾಜಕುಮಾರ್ ಪಕ್ಕದಲ್ಲಿ ನರಸಿಂಹರಾಜು ಇದ್ದರು, ಕೊರತೆ ಕಾಣಲಿಲ್ಲ.

ಗುಟ್ಟು ಇಷ್ಟೇ

ಇಂಥ ಅಗ್ಗದ ಚಿತ್ರಗಳನ್ನು ಜನ ಯಾಕೆ ಮತ್ತೆ ಮತ್ತೆ ನೋಡಿದರು? ಓದಿದವರು ಮೂಗು ಮುರಿದರು, ಕಪಿಚೇಷ್ಟೆ ಅಂದರು. ಆದರೆ ನಾಯಕ ಹತ್ತು ಜನರನ್ನು ಒಬ್ಬನೇ ಹೊಡೆಯುವುದು ಸುಳ್ಳು ಅಂತ ನೆಲಕ್ಕೆ ಕೂತವನಿಗೂ ಗೊತ್ತಿತ್ತು. ಹೊಡೆದಾಟ ಶುರುವಾದರೆ ಮಂಚದ ಕೆಳಗೆ ನುಸುಳುವವನೇ ನಿಜ. ಸಾಲಗಾರ ಬಂದರೆ ಹಿತ್ತಲ ಬಾಗಿಲು ಹುಡುಕುವವನು, ಹಸಿವಾದರೆ ಹಸಿವು ಅನ್ನುವವನು. ಸಂತೆ ಮುಗಿಸಿ ಬಂದ ರೈತನಿಗೆ, ಅಂಗಡಿ ಬಾಗಿಲು ಹಾಕಿ ಬಂದ ಶೆಟ್ಟರಿಗೆ ಅವನಲ್ಲಿ ತಮ್ಮ ಮುಖವೇ ಕಾಣಿಸಿತು. ಕೋಟೆ ರಟ್ಟಿನದಾದರೇನು, ಭಯ ಅಸಲಿಯಾಗಿತ್ತು.

1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ ಬಂತು. ನಿರ್ಮಾಪಕರು ನರಸಿಂಹರಾಜು, ಮುಖ್ಯ ಪಾತ್ರವೂ ಅವರದೇ. ಇಪ್ಪತ್ತು ವರ್ಷ ಇನ್ನೊಬ್ಬರ ಪಕ್ಕದಲ್ಲಿ ನಿಂತವರು ಒಮ್ಮೆ ನಡುವೆ ನಿಂತರು.

1979ರ ಜುಲೈನಲ್ಲಿ ತೀರಿಕೊಂಡರು. ವಯಸ್ಸು ಇನ್ನೂ ಅರವತ್ತು ಮುಟ್ಟಿರಲಿಲ್ಲ. ಮುಗಿಸಿದ ಚಿತ್ರಗಳು ಇನ್ನೂರೈವತ್ತಕ್ಕೂ ಹೆಚ್ಚು.

ಟೆಂಟುಗಳು ಹೋದವು, ರೀಲೂ ಹೋಯಿತು. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಟ್ಟಾಗ ನಕ್ಷತ್ರಿಕನ ಕಾಟಕ್ಕೆ ಹೊಸ ಹುಡುಗರೂ ನಕ್ಕರು. ಈಗ ಆ ನಗು ಮೊಬೈಲಿನಲ್ಲಿದೆ. ತುಮಕೂರಿಂದ ಕುಣಿಗಲ್ ಬಸ್ಸು ಹತ್ತಿದವರು ಕಿವಿಗೆ ವೈರು ಸಿಕ್ಕಿಸಿಕೊಂಡು ತಮ್ಮಷ್ಟಕ್ಕೆ ನಗುತ್ತಿದ್ದರೆ ಹುಚ್ಚು ಅಂದುಕೊಳ್ಳಬೇಡಿ. ತಿಪಟೂರಿನ ಆ ಹಲ್ಲು ಇನ್ನೂ ದುಡೀತಾ ಇದೆ.