ನೆಲದಡಿಯ ಗುರಾಣಿ

ಅಗೆದ ಮಣ್ಣು ಕುಸಿಯುವುದು ಕ್ಷಣಮಾತ್ರದಲ್ಲಿ. ಅಡಿಯಲ್ಲಿ ದುಡಿಯುವವನಿಗೆ ಓಡಲೂ ಅವಕಾಶವಿರದು. ಈ ಅಪಾಯಕ್ಕೆ ಉಪಾಯ ಕಂಡವರಲ್ಲಿ ಮಾರ್ಕ್ ಬ್ರುನೆಲ್ ಅಗ್ರಗಣ್ಯನು. 1769ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಜನಿಸಿದ ಈತ, ಮಹಾಕ್ರಾಂತಿಯ ಕಾಲದಲ್ಲಿ ಅಮೆರಿಕೆಗೆ ಹೋಗಿ, 1799ರಲ್ಲಿ ಇಂಗ್ಲೆಂಡಿಗೆ ಬಂದು ನೆಲಸಿದನು. ಯಂತ್ರನಿರ್ಮಾಣದಲ್ಲಿ ಕೀರ್ತಿ ಗಳಿಸಿದರೂ ಸಾಲದ ದೆಸೆಯಿಂದ 1821ರಲ್ಲಿ ಸೆರೆವಾಸವನ್ನೂ ಅನುಭವಿಸಿದನು.

1825ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಅಡಿಯಲ್ಲಿ ಸುರಂಗ ತೋಡುವ ಕಾರ್ಯ ಅವನ ನೇತೃತ್ವದಲ್ಲಿ ಆರಂಭವಾಯಿತು. ಮೊದಲು ದಡದ ಮೇಲೆ 50 ಅಡಿ ವ್ಯಾಸದ ಇಟ್ಟಿಗೆಯ ಗೋಪುರವನ್ನು ಕಟ್ಟಿಸಿ, ಒಳಗಿನ ಮಣ್ಣನ್ನು ತೆಗೆಸುತ್ತ, ಅದು ತನ್ನ ಭಾರದಿಂದಲೇ ನೆಲದೊಳಕ್ಕೆ ಇಳಿಯುವಂತೆ ಮಾಡಿದನು. ನಮ್ಮವರು ಬಾವಿಗೆ ಬಳೆ ಇಳಿಸುವ ಕ್ರಮವೂ ಇಂಥದೇ ಅಲ್ಲವೆ?

ಸುರಂಗದ ಮುಂಭಾಗಕ್ಕೆ ಅವನು ಕಬ್ಬಿಣದ ಗುರಾಣಿಯೊಂದನ್ನು ಕಲ್ಪಿಸಿದನು. ಅದರಲ್ಲಿ 36 ಗೂಡುಗಳು, ಗೂಡಿಗೊಬ್ಬ ಕೆಲಸಗಾರ. ಎದುರಿನ ಮಣ್ಣನ್ನು ಹಲಗೆಗಳು ತಡೆದು ನಿಲ್ಲಿಸಿದ್ದವು. ಒಂದೇ ಹಲಗೆಯನ್ನು ತೆಗೆದು, ನಾಲ್ಕೂವರೆ ಅಂಗುಲ ಅಗೆದು, ಅದನ್ನು ಮುಂದೊತ್ತಿ ಆನಿಸಿದ ಬಳಿಕವೇ ಮತ್ತೊಂದಕ್ಕೆ ಕೈಹಾಕಬೇಕು. ಹಿಂದಿನಿಂದ ಗಾರೆಯವರು ಇಟ್ಟಿಗೆಯ ಕಮಾನು ಕಟ್ಟುತ್ತಿದ್ದರು. ಬರಿಯ ಮಣ್ಣು ತೆರೆದಿರುತ್ತಿದ್ದುದು ಅತ್ಯಲ್ಪ ಭಾಗ ಮಾತ್ರ.

ಗುರಾಣಿ ಮಣ್ಣನ್ನು ತಡೆಯಿತು, ನದಿಯನ್ನು ತಡೆಯಲಾರದಾಯಿತು. 1827ರಲ್ಲಿ ನೀರು ನುಗ್ಗಿದಾಗ ನದೀತಳದ ಕುಳಿಗೆ ಜೇಡಿಯ ಚೀಲಗಳನ್ನು ಸುರಿದು ಮುಚ್ಚಿದರು. 1828ರ ಜನವರಿಯಲ್ಲಿ ಮತ್ತೆ ನುಗ್ಗಿದ ಪ್ರವಾಹಕ್ಕೆ ಆರು ಮಂದಿ ಬಲಿಯಾದರು. ಬ್ರುನೆಲನ ಮಗನೂ ತೀವ್ರವಾಗಿ ಗಾಯಗೊಂಡನು. ಹಣವಿಲ್ಲದೆ ಕೆಲಸ ಏಳು ವರ್ಷ ನಿಂತಿತು. ವೃದ್ಧನಾದರೂ ಬ್ರುನೆಲ್ ಕೈಬಿಡಲಿಲ್ಲ. 1843ರಲ್ಲಿ ಸುರಂಗ ತೆರೆಯಿತು. 1849ರಲ್ಲಿ ಅವನು ತೀರಿಕೊಂಡನು. ಆ ಕಮಾನುಗಳ ಕೆಳಗೆ ಇಂದಿಗೂ ರೈಲುಗಳು ಸಂಚರಿಸುತ್ತಿವೆ.