ಶ್ರೀಮತಿ ಹನ್ನಾ ಮಾರ್ಷ್‌ಮನ್ ಅಮ್ಮನವರು

1817ರಲ್ಲಿ ಬಂಗಾಲದ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ ವಿಲಿಯಂ ಕೇರಿ ಪಂಡಿತರನ್ನು ಕನ್ನಡಿಗರು ಕೃತಜ್ಞತೆಯಿಂದ ನೆನೆಯುತ್ತಾರೆ. ತಾಯಿಯಿದ್ದೂ ತಬ್ಬಲಿಗಳಂತಿದ್ದ ಅವರ ಮಕ್ಕಳನ್ನು ಎತ್ತಿಹಿಡಿದ ಸಾಧ್ವಿಯ ಚರಿತ್ರೆಯೂ ನಮಗೆ ಸ್ಮರಣೀಯವಾದುದು.

ಹನ್ನಾ ಅಮ್ಮನವರು 1767ರಲ್ಲಿ ಇಂಗ್ಲಂಡದಲ್ಲಿ ಜನಿಸಿದರು. 1791ರಲ್ಲಿ ಜೋಶುವಾ ಮಾರ್ಷ್‌ಮನ್ನರೊಡನೆ ಅವರ ವಿವಾಹವಾಯಿತು. 1799ನೆಯ ಅಕ್ಟೋಬರದಲ್ಲಿ ದಂಪತಿಗಳು ಹೂಗ್ಲಿ ನದಿಯ ದಂಡೆಯಲ್ಲಿ, ಆಗ ಡೇನರ ಆಳಿಕೆಗೆ ಒಳಪಟ್ಟಿದ್ದ ಶ್ರೀರಾಮಪುರಕ್ಕೆ ಬಂದಿಳಿದರು. ಮುಂದಿನ ಜನವರಿಯಲ್ಲಿ ಕೇರಿಯವರೂ ಸಕುಟುಂಬವಾಗಿ ಅಲ್ಲಿಗೆ ಬಂದು ಸೇರಿದರು.

ಆ ಕುಟುಂಬದ ಸ್ಥಿತಿಯು ಶೋಚನೀಯವಾಗಿತ್ತು. ಕೇರಿಯವರ ಪತ್ನಿ ಡೊರೊತಿಯವರು 1794ರಲ್ಲಿ ಐದು ವರ್ಷದ ಮಗ ಪೀಟರನನ್ನು ಕಳೆದುಕೊಂಡಿದ್ದರು. ಮರುವರ್ಷದಿಂದ ಅವರ ಚಿತ್ತವು ಕೆಟ್ಟು, ಪತಿಯು ತನಗೆ ದ್ರೋಹ ಬಗೆದನೆಂಬ ಭ್ರಮೆಯು ಅವರಲ್ಲಿ ಬೇರೂರಿತು. ಕೋಣೆಯಲ್ಲಿರಿಸಿ ಕಾಯಬೇಕಾದ ದಿನಗಳೂ ಬಂದವು. ತಂದೆಯು ಭಾಷಾಂತರದ ಕೆಲಸದಲ್ಲಿ ಮುಳುಗಿದ್ದರು. ಮೇಲಾಗಿ ಮಕ್ಕಳನ್ನು ಗದರಿಸಲಾರದಷ್ಟು ಮೃದು ಸ್ವಭಾವದವರು. ಫೆಲಿಕ್ಸ, ವಿಲಿಯಂ, ಜಾಬೆಜ, ಜೊನಾಥನ್ ಎಂಬ ನಾಲ್ವರು ಹುಡುಗರು ಹೇಳುವವರು ಕೇಳುವವರಿಲ್ಲದೆ ಬೆಳೆಯುತ್ತಿದ್ದರು. ಕಿರಿಯವನಿಗೆ ನಾಲ್ಕೇ ವರ್ಷ.

ಹನ್ನಾ ಅಮ್ಮನವರಿಗೂ ಸ್ವಂತ ಕೂಸುಗಳಿದ್ದವು. 1800ನೆಯ ಮೇ ತಿಂಗಳಲ್ಲಿ ಆರಂಭವಾದ ಬೋರ್ಡಿಂಗ್ ಶಾಲೆಗಳ ಹೊರೆಯೂ ಇತ್ತು. ಆದಾಗ್ಯೂ ಅವರು ಈ ನಾಲ್ವರನ್ನು ತಮ್ಮ ಮಕ್ಕಳ ಸಾಲಿಗೇ ಸೇರಿಸಿಕೊಂಡು, ಪಾಠ ನಡತೆಗಳನ್ನು ನೋಡಿಕೊಂಡರು. ಮುದ್ರಣಕಾರರಾದ ವಾರ್ಡರು ದೊಡ್ಡ ಹುಡುಗರಿಗೆ ಅಣ್ಣನಂತಾದರು. ಮಿಶನರಿಗಳೆಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದುದರಿಂದ ಮಕ್ಕಳಿಗೆ ಹಲವರ ಆಸರೆ ಒದಗಿತು. ಮಕ್ಕಳನ್ನು ತಾಯಿಯಿಂದ ದೂರದೇಶಕ್ಕೆ ಕಳುಹಿಸಲಿಲ್ಲ. ತಾಯಿಯನ್ನೂ ಮನೆಯಿಂದ ಹೊರಗಟ್ಟಲಿಲ್ಲ. ಡೊರೊತಿಯವರು ಗುಣ ಹೊಂದದೆ 1807ನೆಯ ಡಿಸೆಂಬರದಲ್ಲಿ ಜ್ವರದಿಂದ ತೀರಿಕೊಂಡರು.

ಹುಡುಗರು ಕೆಡಲಿಲ್ಲ. ಫೆಲಿಕ್ಸನು ಬರ್ಮಾ ದೇಶಕ್ಕೂ, ಜಾಬೆಜನು ಅಂಬೊಯ್ನಾ ದ್ವೀಪಕ್ಕೂ ಸುವಾರ್ತೆಗಾಗಿ ತೆರಳಿದರು; ವಿಲಿಯಮನು ಬಂಗಾಲದಲ್ಲಿಯೇ ಸೇವೆಗೈದನು; ಜೊನಾಥನನು ಕಲಕತ್ತೆಯಲ್ಲಿ ವಕೀಲನಾದನು. ಫೆಲಿಕ್ಸನಿಗೆ ಮುಂದೆ ಘೋರ ದುಃಖಗಳು ಒದಗಿ ಕೆಲವು ವರ್ಷ ಅಲೆದಾಡಿದನು. ಆದರೂ ಶ್ರೀರಾಮಪುರಕ್ಕೆ ಹಿಂತಿರುಗಿ, ಬಂಗಾಲಿ ಗ್ರಂಥಗಳನ್ನು ರಚಿಸುತ್ತ 1822ರಲ್ಲಿ ದೈವಾಧೀನನಾದನು. ಬಾಲ್ಯದ ಆಸರೆಯು ಕಷ್ಟವನ್ನು ತಡೆಯದು. ಹಿಂತಿರುಗಲು ಒಂದು ಮನೆಯನ್ನು ಉಳಿಸುತ್ತದೆ. ಅಮ್ಮನವರು 1847ರಲ್ಲಿ ಶ್ರೀರಾಮಪುರದಲ್ಲಿಯೇ ಕರ್ತನ ಸನ್ನಿಧಿಗೆ ಸೇರಿದರು.

ಪ್ರಿಯ ಸಹೋದರಿಯರೇ, ನಮ್ಮಲ್ಲಿ ಅನೇಕರು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಹಳ್ಳಿಗಳಲ್ಲಿ ಗೃಹಿಣಿಯರಾಗಿಯೂ ಶಿಕ್ಷಕಿಯರಾಗಿಯೂ ಇದ್ದೇವೆ. ಚಿತ್ತರೋಗವು ಶಾಪವಲ್ಲ, ಮಗುವಿನ ತಪ್ಪಂತೂ ಅಲ್ಲ. ಡೊರೊತಿಯವರ ಕಾಲದಲ್ಲಿ ಇಲ್ಲದ ಔಷಧವು ಈಗ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ ದೊರೆಯುತ್ತದೆ. 14416 ಎಂಬ ಟೆಲಿ ಮಾನಸ್ ದೂರವಾಣಿಯಲ್ಲಿ ಖರ್ಚಿಲ್ಲದೆ ಸಲಹೆಯೂ ಸಿಗುತ್ತದೆ. ಆದರೆ ರೋಗಿಯ ಮನೆಯ ಕೂಸನ್ನು ಹುಚ್ಚಿಯ ಮಗಳೆಂದು ಕರೆಯದೆ, ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಟ್ಟು, ತಾಯಿಗೆ ಬಂದುದು ಕಾಯಿಲೆಯೆಂದು ತಿಳಿಹೇಳಿ, ದೀಪದ ಬಳಿ ಓದಲು ಕುಳ್ಳಿರಿಸುವ ಕೆಲಸವು ನೆರೆಯವರಾದ ನಮ್ಮದೇ. ಆ ಕೆಲಸಕ್ಕೆ ದೇವರು ನಮಗೆ ಮನಸ್ಸನ್ನು ಕೊಡಲಿ.