ನಾಡಿಲ್ಲದವರ ಬಿಷಪ್

ಸ್ಯಾನ್‌ಫ್ರಾನ್ಸಿಸ್ಕೊದಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಗೇರಿ ಬುಲೆವಾರ್ಡ್ ಎಂಬ ಉದ್ದನೆಯ ರಸ್ತೆಯಲ್ಲಿ ಬೆಳಗಿನ ವಾಯುವಿಹಾರ ನನ್ನ ಪರಿಪಾಠ. ಅಂಗಡಿ ಮುಂಗಟ್ಟುಗಳ ನಡುವೆ ಥಟ್ಟನೆ ಐದು ಹೊನ್ನಿನ ಗುಮ್ಮಟಗಳು ಎದುರಾಗುತ್ತವೆ. ಅದು ದೇಶಭ್ರಷ್ಟ ರಷ್ಯನ್ನರು ಕಟ್ಟಿಕೊಂಡ ಆರ್ಥೊಡಾಕ್ಸ್ ಪ್ರಧಾನ ದೇವಾಲಯ. ಒಂದು ದಿನ ಕುತೂಹಲದಿಂದ ಒಳಹೊಕ್ಕೆ. ಅಲ್ಲಿ ಚಿರನಿದ್ರೆಯಲ್ಲಿರುವ ಆರ್ಚ್‌ಬಿಷಪ್ ಜಾನ್ ಮ್ಯಾಕ್ಸಿಮೊವಿಚ್ ಅವರ ಬದುಕು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅವರು ಹುಟ್ಟಿದ್ದು 1896ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಸೀಮೆಯ ಜಮೀನುದಾರ ಮನೆತನದಲ್ಲಿ. ಪೋಲ್ಟಾವದ ಸೈನಿಕ ಶಾಲೆಯಲ್ಲಿ ಓದಿ, 1918ರಲ್ಲಿ ಕಾನೂನು ಪದವಿ ಪಡೆದರು. ಆ ವೇಳೆಗೆ ಅವರು ಕಲಿತ ಕಾನೂನಿನ ಸಾಮ್ರಾಜ್ಯವೇ ಅಳಿದುಹೋಗಿತ್ತು. ಅಂತರ್ಯುದ್ಧದ ಕೊನೆಯಲ್ಲಿ ಕುಟುಂಬ ಬೆಲ್‌ಗ್ರೇಡ್ ಸೇರಿತು. ದೇಶ ತೊರೆದವರ ಪೌರತ್ವವನ್ನು ಸೋವಿಯತ್ ಸರ್ಕಾರ 1921ರಲ್ಲಿ ರದ್ದುಪಡಿಸಿತು. ಮರುವರ್ಷ ನಾನ್ಸೆನ್ ಹೆಸರಿನ ತಾತ್ಕಾಲಿಕ ಗುರುತುಪತ್ರ ಬಂದುದೇ ಅಂಥವರಿಗಾಗಿ. ಪತ್ರಿಕೆ ಮಾರುತ್ತ ಧರ್ಮಶಾಸ್ತ್ರ ಓದಿದ ಆ ತರುಣ 1926ರಲ್ಲಿ ಸನ್ಯಾಸ ಸ್ವೀಕರಿಸಿದರು.

1934ರಲ್ಲಿ ಬಿಷಪ್ ಆಗಿ ಶಾಂಘೈಗೆ ಬಂದಾಗ ಅವರಿಗೆ ಕಂಡದ್ದು ಅರ್ಧಕ್ಕೆ ನಿಂತ ದೇವಾಲಯ ಹಾಗೂ ಒಡೆದ ಸಮುದಾಯ. ಕುಳ್ಳು ದೇಹ, ಮುದುರಿದ ನಿಲುವಂಗಿ, ತೊದಲು ಮಾತು, ಬಹುಪಾಲು ಬರಿಗಾಲು. ರಾತ್ರಿ ಹಾಸಿಗೆಯ ಮೇಲೆ ಮಲಗದೆ ಕುರ್ಚಿಯಲ್ಲಿಯೇ ತುಸು ಹೊತ್ತು ತೂಕಡಿಸುತ್ತಿದ್ದರಂತೆ. ನಮ್ಮ ಸಚಿವಾಲಯದ ಬಾಗಿಲಲ್ಲಿ ಇಂಥವರನ್ನು ಜವಾನನೇ ತಡೆದು ನಿಲ್ಲಿಸುತ್ತಿದ್ದ. ಆದರೆ ಅವರು ದೇವಾಲಯವನ್ನು ಪೂರ್ಣಗೊಳಿಸಿದರು, ಬಣಗಳನ್ನು ಒಂದುಗೂಡಿಸಿದರು, ಅನಾಥಾಲಯ ತೆರೆದರು. ಎಂಟು ಮಕ್ಕಳಿಂದ ಆರಂಭವಾದ ಅದರಲ್ಲಿ ಒಟ್ಟು ಮೂರೂವರೆ ಸಾವಿರ ಮಕ್ಕಳು ಆಶ್ರಯ ಪಡೆದರೆಂದು ಅವರ ಚರ್ಚು ಲೆಕ್ಕ ಹೇಳುತ್ತದೆ. ರಷ್ಯನ್ ಶಾಲೆಗಳಲ್ಲಿ ಧರ್ಮಪಾಠದ ಪರೀಕ್ಷೆ ನಡೆದಾಗ ಬಿಷಪ್ಪರೇ ಬಂದು ಕೂರುತ್ತಿದ್ದರು. ದೊಡ್ಡವರು ನೆನಪಿನ ಬಲದಿಂದಲೇ ರಷ್ಯನ್ನರಾಗಿ ಉಳಿಯಬಲ್ಲರು; ಆ ನೆನಪೇ ಇಲ್ಲದ ಮಕ್ಕಳ ವಿಷಯ ಬೇರೆ ಎಂಬುದು ಅವರಿಗೆ ತಿಳಿದಿತ್ತು.

ಯುದ್ಧ ಮುಗಿದ ಮೇಲೆ ಚೀನಾದ ಇತರ ರಷ್ಯನ್ ಬಿಷಪ್ಪರು ಮಾಸ್ಕೊದ ಅಧೀನಕ್ಕೆ ಹೋದರು. ಸೋವಿಯತ್ ಪಾಸ್‌ಪೋರ್ಟಿನ ಆಮಿಷವೂ ಬಂತು. ಸಾವಿರಾರು ಜನ ನಂಬಿ ಹಿಂದಿರುಗಿದರು. ಜಾನ್ ಒಪ್ಪಲಿಲ್ಲ. 1949ರಲ್ಲಿ ಕಮ್ಯುನಿಸ್ಟ್ ಸೇನೆ ಶಾಂಘೈ ಸಮೀಪಿಸುತ್ತಿದ್ದಂತೆ ಐದು ಸಾವಿರಕ್ಕೂ ಹೆಚ್ಚು ನಿರಾಶ್ರಿತರನ್ನು ಅಂತರರಾಷ್ಟ್ರೀಯ ನಿರಾಶ್ರಿತರ ಸಂಸ್ಥೆಯು ಫಿಲಿಪ್ಪೀನ್ಸಿನ ಟುಬಾಬಾವೊ ಎಂಬ ಪುಟ್ಟ ದ್ವೀಪಕ್ಕೆ ಸಾಗಿಸಿತು. ಚಂಡಮಾರುತಗಳ ಹಾದಿಯಲ್ಲಿ ಸೈನ್ಯದ ಹಳೆಯ ಡೇರೆಗಳು! ಬಿಷಪ್ಪರು ರಾತ್ರಿ ನಾಲ್ಕು ದಿಕ್ಕಿಗೂ ಶಿಲುಬೆಯ ಗುರುತು ಮಾಡಿ ಶಿಬಿರವನ್ನು ಕಾಪಾಡಿದರೆಂಬುದು ಭಕ್ತರ ನಂಬಿಕೆ.

ಪವಾಡಗಳ ವಿಚಾರ ನನಗೆ ತಿಳಿಯದು. ಸೇವೆಯಲ್ಲಿದ್ದಾಗ ನೆರೆ ಸಂತ್ರಸ್ತರ ಶಿಬಿರವೊಂದನ್ನು ನಡೆಸಿದ್ದೇನೆ. ಮೊದಲ ವಾರ ಎಲ್ಲರೂ ಒಬ್ಬರಿಗೊಬ್ಬರು ನೆರವಾಗುತ್ತಾರೆ. ಎರಡನೆಯ ತಿಂಗಳಿಗೆ ಪಡಿತರದ ಸರದಿಯಲ್ಲಿ ಕೈಕೈ ಮಿಲಾಯಿಸುತ್ತಾರೆ. ಟುಬಾಬಾವೊದಲ್ಲಾದರೋ ಕೆಲವರು ಎರಡು ವರ್ಷಕ್ಕೂ ಮಿಕ್ಕಿ ಇದ್ದರು. ಆ ಡೇರೆಗಳ ನಡುವೆ ಪೂಜೆ, ಪಾಠ, ಗಾಯನ ನಿಲ್ಲಲಿಲ್ಲ ಎಂಬುದೇ ನನ್ನ ಮಟ್ಟಿಗೆ ಸಾಕಷ್ಟು ದೊಡ್ಡ ಪವಾಡ. ಇನ್ನೊಂದನ್ನು ಹೇಳಲೇಬೇಕು: ಅವರು ಕೈಮುಗಿದು ಕುಳಿತವರಲ್ಲ. ವಾಷಿಂಗ್ಟನ್ನಿಗೆ ಹೋಗಿ ಕಚೇರಿಗಳ ಮೆಟ್ಟಿಲು ಹತ್ತಿದರು. 1950ರಲ್ಲಿ ಅಮೆರಿಕದ ನಿರಾಶ್ರಿತರ ಕಾಯ್ದೆಗೆ ತಿದ್ದುಪಡಿಯಾಗಿ ಚೀನಾದಿಂದ ಬಂದವರಿಗೂ ಬಾಗಿಲು ತೆರೆಯಿತು. ಹಲವರು ಅಮೆರಿಕ ಸೇರಿದರು, ಹಲವರು ಆಸ್ಟ್ರೇಲಿಯಾ.

1951ರಲ್ಲಿ ಅವರನ್ನು ಪಶ್ಚಿಮ ಯುರೋಪಿಗೆ ನಿಯೋಜಿಸಲಾಯಿತು. ರಷ್ಯನ್ ಪರಂಪರೆಯ ಈ ಕಟ್ಟಾ ರಕ್ಷಕ ಅಲ್ಲಿ ಫ್ರೆಂಚ್, ಡಚ್ ಭಾಷೆಗಳಲ್ಲಿಯೂ ಆರಾಧನೆ ನಡೆಸಿದರು! 1054ರ ಒಡಕಿಗೆ ಮುಂಚಿನ ಪಾಶ್ಚಾತ್ಯ ಸಂತರನ್ನು ತಮ್ಮವರೆಂದು ಗೌರವಿಸಿದರು. ಪರಂಪರೆಯನ್ನು ಉಳಿಸುವುದೆಂದರೆ ಬೇಲಿ ಹಾಕುವುದು ಎಂದು ನಂಬಿದ್ದ ಕೆಲವರಿಗೆ ಇದು ಹಿಡಿಸಿರಲಾರದು. ರಷ್ಯನ್ ಮಕ್ಕಳಿಗೆ ರಷ್ಯನ್ ಕಲಿಸುವುದರಲ್ಲಿ ಮಾತ್ರ ಅವರು ಕೊಂಚವೂ ಸಡಿಲ ಬಿಡಲಿಲ್ಲ. ಈ ಎರಡರಲ್ಲಿ ವಿರೋಧ ಕಾಣದ ಅವರ ನಿಲುವೇ ಸರಿ ಎಂದು ನನಗೆ ತೋರುತ್ತದೆ.

1962ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊಗೆ ಕಳುಹಿಸಿದಾಗ ಮತ್ತೆ ಅದೇ ದೃಶ್ಯ: ಅರ್ಧಕ್ಕೆ ನಿಂತ ದೇವಾಲಯ, ಹಣದ ಜಗಳ. ಹಳೆಯ ಶಾಂಘೈಯವರು ಅನೇಕರು ಅಲ್ಲಿದ್ದರು. ಆದರೆ ಕಟ್ಟಡದ ಲೆಕ್ಕ ಮುಚ್ಚಿಟ್ಟರೆಂಬ ಆರೋಪ ಹೊರಿಸಿ ಅವರನ್ನು 1963ರಲ್ಲಿ ನ್ಯಾಯಾಲಯಕ್ಕೆ ಎಳೆದವರೂ ಸಮುದಾಯದವರೇ. ಕ್ರಾಂತಿ, ಯುದ್ಧ, ಚಂಡಮಾರುತಗಳಿಗೆ ಜಗ್ಗದ ಜನ ಲೆಕ್ಕಪತ್ರದ ಮುಂದೆ ಒಡೆದರು. ಸಾರ್ವಜನಿಕ ಹಣ ನಿರ್ವಹಿಸಿದ ಯಾರಿಗೂ ಆ ಕಟಕಟೆಯ ಸಂಕಟ ಅರ್ಥವಾಗುತ್ತದೆ. ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳಲಾರೆ. ತೀರ್ಪು ಅವರನ್ನು ದೋಷಮುಕ್ತಗೊಳಿಸಿತು. ಯಾರನ್ನೂ ದೂರದೆ ಅವರು ಕಟ್ಟಡದ ಕೆಲಸ ಮುಂದುವರಿಸಿದರು; 1964ರಲ್ಲಿ ಗುಮ್ಮಟಗಳ ಮೇಲೆ ಶಿಲುಬೆಗಳು ಏರಿದವು.

1966ರ ಜುಲೈ 2ರಂದು ಸಿಯಾಟಲ್‌ನಲ್ಲಿ, ಕುರ್ಸ್ಕ್‌ನ ಮಾತೆ ಮೇರಿಯ ಪವಿತ್ರ ಚಿತ್ರದೊಡನೆ ಪ್ರವಾಸದಲ್ಲಿದ್ದಾಗ ಅವರು ತೀರಿಕೊಂಡರು. ದೇವಾಲಯದ ನೆಲಮಾಳಿಗೆಯಲ್ಲಿಯೇ ಸಮಾಧಿ ಮಾಡಲು ನಗರಾಡಳಿತ ವಿಶೇಷ ಅನುಮತಿ ನೀಡಿತು. ದೇಶಭ್ರಷ್ಟರ ಚರ್ಚು 1994ರಲ್ಲಿ ಅವರನ್ನು ಸಂತರೆಂದು ಸಾರಿತು. 2007ರಲ್ಲಿ ಆ ಚರ್ಚು ಹಾಗೂ ಮಾಸ್ಕೊ ಒಂದಾದವು. ಮರುವರ್ಷ, ಅವರು ಯಾರ ಅಧೀನಕ್ಕೆ ಒಳಗಾಗಲು ನಿರಾಕರಿಸಿದ್ದರೋ ಆ ಮಾಸ್ಕೊದ ಚರ್ಚೇ ಅವರನ್ನು ಇಡೀ ರಷ್ಯನ್ ಚರ್ಚಿನ ಸಂತರ ಸಾಲಿಗೆ ಸೇರಿಸಿತು.